ಹದಕ್ಕೆ ಬಂದ ಗಂಟಲು

“ಈ ಕಂಬಿಗೆ ತಲೆ ಯಾವುದು, ಬಾಲ ಯಾವುದು?”

ಅವಳು ಯಾರನ್ನೂ ಕೇಳಿರಲಿಲ್ಲ. ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಒಂದು ಕೈಯಲ್ಲಿ ಟೆಂಟಿನ ಬಟ್ಟೆ, ಇನ್ನೊಂದರಲ್ಲಿ ಬಾಗಲೊಲ್ಲದ ಕಂಬಿ ಹಿಡಿದು ಕೂತಿದ್ದವಳಿಗೆ ಮನಸ್ಸಿನ ಮಾತು ಬಾಯಿಗೆ ಬಂದುಬಿಟ್ಟಿತ್ತು. ಮೇಲೆ ಬೂದಿ ಬಣ್ಣದ ಆಕಾಶ. ಅದು ಉತ್ತರ ಕೊಡುವ ಹಾಗಿರಲಿಲ್ಲ.

“ಎರಡೂ ಬಾಲವೇ. ತಲೆ ಟೆಂಟ್ ಕಟ್ಟೋರಿಗೆ ಇದ್ರೆ ಸಾಕು,” ಅಂತು ಪಕ್ಕದ ಟೆಂಟು.

ದನಿ ಮೊದಲು ಬಂತು, ಮನುಷ್ಯ ಆಮೇಲೆ ಬಂದ. ಅವಳ ಪಾಲಿಗೆ ಕೇಡಾದದ್ದು ಅದೇ. ಮುಖ ಮೊದಲು ಕಂಡಿದ್ದರೆ, ಉದ್ದ ಮೂಗು, ನಿದ್ದೆಗೆಟ್ಟ ಕಣ್ಣು, ಅಲ್ಲಲ್ಲಿ ನೆರೆತ ಗಡ್ಡ, ಇಷ್ಟೇ ತಾನೆ ಎಂದು ಸುಮ್ಮನಾಗುತ್ತಿದ್ದಳೇನೋ. ಆದರೆ ಆ ದನಿ! ಒಣ ಎಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗೆ. ಅಂಚಿನಲ್ಲಿ ಒಂಚೂರು ಒಡೆದು, ಒಡೆದಲ್ಲಿಂದ ಉಸಿರು ಸೋರುತ್ತಿದ್ದ ದನಿ. ಅವಳು ಕಂಬಿ ಕೆಳಗಿಟ್ಟಳು.

“ನಿಮ್ಮನ್ನ ಕೇಳ್ಲಿಲ್ಲ ನಾನು,” ಅಂದಳು.

“ಗೊತ್ತು. ಗಾಳಿನ ಕೇಳಿದ್ರಿ. ಗಾಳಿ ರಜೆ ಮೇಲಿದೆ, ಅದರ ಬದಲಿಗೆ ನಾನು ಬಂದೆ.” ಅವನು ಕಂಬಿಯ ಒಂದು ತುದಿ ಹಿಡಿದ. “ಆ ಕಡೆ ಹಿಡ್ಕೊಳ್ಳಿ, ನಾನು ಬಗ್ಗಿಸ್ತೀನಿ. ಕೈ ಬಿಡ್ಬೇಡಿ, ಬಿಟ್ರೆ ನನ್ನ ಹಲ್ಲು ಹೋಗುತ್ತೆ.”

“ಹಲ್ಲು ಹೋದ್ರೆ ಹಾಡೋಕೆ ತೊಂದ್ರೇನಾ?” ಅವನ ಟೆಂಟಿನ ಬಾಗಿಲಲ್ಲಿ ಗಿಟಾರಿನ ಪೆಟ್ಟಿಗೆ ಅವಳಿಗೆ ಕಂಡಿತ್ತು.

“ಬ್ಲೂಸ್‌ಗೆ ಹಲ್ಲು ಬೇಡ ರೀ. ದುಃಖ ಇದ್ರೆ ಸಾಕು.”

“ಇದೆಯಾ?”

“ಲಿಫ್ಟ್ ರಿಪೇರಿ ಮಾಡ್ತೀನಿ. ಒಳಗೆ ಸಿಕ್ಕಿಹಾಕ್ಕೊಂಡಾಗ ಮಾತ್ರ ಜನಕ್ಕೆ ನನ್ನ ನೆನಪಾಗುತ್ತೆ. ಇನ್ನೂ ಬೇಕಾ ದುಃಖ?”

ಅವಳು ನಕ್ಕಳು. ಬಟ್ಟೆ ಮೇಲೆದ್ದು ಇಬ್ಬರ ನಡುವೆ ಗೋಡೆಯಾಯಿತು. ಗೋಡೆಯ ಮೇಲಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಕಂಬಿಯನ್ನು ನೋಡಬೇಕಾದ ಕಣ್ಣು ಅವಳನ್ನು ನೋಡುತ್ತಿತ್ತು. ಸಿಕ್ಕಿಬಿದ್ದೆ ಅಂತ ಗೊತ್ತಾದ ಮೇಲೂ ಅದು ತಕ್ಷಣ ಜಾರಿಕೊಳ್ಳಲಿಲ್ಲ. ಕ್ಷಮೆ ಕೇಳಿದ ಹಾಗೆ ಒಮ್ಮೆ ಮುಚ್ಚಿ, ಮತ್ತೆ ತೆರೆದು ಅಲ್ಲೇ ನಿಂತಿತು.

“ನೀವೇನು ಕೆಲಸ ಮಾಡ್ತೀರಿ?”

“ಕೋರ್ಟಲ್ಲಿ ಸ್ಟೆನೋ.”

“ಹಾಗಾದ್ರೆ ನಿಮ್ಮ ಮುಂದೆ ಬಾಯಿಗೆ ಬಂದದ್ದು ಆಡೋ ಹಾಗಿಲ್ಲ. ಬರ್ಕೊಂಡುಬಿಡ್ತೀರಿ.”

ಸಂಜೆಯೊಳಗೆ ಇಡೀ ಟೆಂಟ್ ಸಾಲಿಗೆ ಅವಳು ಸ್ಟೆನೋ ಆಗಿದ್ದಳು.

ಮುಚ್ಚಿಹೋದ ಗಾಜಿನ ಕಾರ್ಖಾನೆಯ ಹಿಂದಿನ ಬಯಲು ಅದು. ವರ್ಷಕ್ಕೊಮ್ಮೆ ವಾರದ ಕೊನೆಗೆ ಅಲ್ಲಿ ಬ್ಲೂಸ್ ಸಂಗೀತೋತ್ಸವ. ಆಚೆ ತುದಿಯಲ್ಲಿ ದೊಡ್ಡ ಸ್ಟೇಜು, ಈಚೆ ತುದಿಯಲ್ಲಿ ಟೆಂಟುಗಳು. ಸಾಲಿನ ನಡುವೆ ಒಂದು ದೊಡ್ಡ ಸ್ಟವ್, ಅದರ ಮೇಲೆ ಯಾವಾಗಲೂ ಒಂದು ಕೆಟಲ್. ಅದರ ಒಡತಿಯನ್ನು ಎಲ್ಲರೂ ಅತ್ತೆ ಅನ್ನುತ್ತಿದ್ದರು. ಅತ್ತೆಯ ಗಂಡ ಪ್ಲಂಬರ್, ಅವನು ಎಲ್ಲರಿಗೂ ‘ನಲ್ಲಿ ಮಾವ’. ಮಾವನ ಒಂದು ಜೇಬಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಮೌತ್ ಆರ್ಗನ್.

ಅವಳು ಹೊಸಬಳು, ಒಬ್ಬಳೇ ಬಂದವಳು. ಆದರೂ ಮಳೆಯ ಮೊದಲ ಹನಿ ಬೀಳುವ ಮುಂಚೆ ಯಾರೋ ಅವಳ ಟೆಂಟಿನ ಮೇಲೆ ಟಾರ್ಪಾಲು ಎಳೆದಿದ್ದರು, ಯಾರೋ ಒಣ ಕಾಲುಚೀಲ ಕೊಟ್ಟಿದ್ದರು, ಅತ್ತೆ ಕೈಗೆ ಬಿಸಿ ಲೋಟ ತುರುಕಿ, “ಕುಡಿ ಮಗಳೇ, ಸಂಕೋಚ ಎಲ್ಲ ಗೇಟಿನಾಚೆ,” ಅಂದಿದ್ದಳು. ಬಂದವರೆಲ್ಲ ಒಂದಲ್ಲ ಒಂದು ಕಡೆ ಪೆಟ್ಟು ತಿಂದವರೇ. ಯಾರೂ ಅದನ್ನು ಕೇಳುತ್ತಿರಲಿಲ್ಲ. ಹಾಡಿದರೆ ಕೇಳಿಸಿಕೊಳ್ಳುತ್ತಿದ್ದರು.

ಕೇಳಿಸಿಕೊಳ್ಳುವುದಕ್ಕೇ ಅವಳು ಬಂದಿದ್ದು. ಪದ್ಯ ಓದುವ ತಾತನ ಮನೆಯಲ್ಲಿ ಬೆಳೆದವಳು. ಸಂಜೆ ದೀಪ ಹಚ್ಚಿದ ಮೇಲೆ ತಾತ ರಾಗವಾಗಿ ಓದುವುದು, ಇವಳು ಕಾಲು ಮಡಚಿ ಕೂತು ಕೇಳುವುದು. ದೇವರ ಮುಂದೆ ಕೂತ ಹಾಗೆ. ಒಂದೊಂದು ಸಾಲನ್ನು ತಾತ ಎರಡೆರಡು ಸಲ ಓದುತ್ತಿದ್ದ. ಒಂದು ಸಲ ಕಿವಿಗೆ ಕಣಮ್ಮ, ಇನ್ನೊಂದು ಸಲ ಎದೆಗೆ, ಅನ್ನುತ್ತಿದ್ದ. ತಾತ ಹೋದ ಮೇಲೆ ಕೇಳುವ ಅಭ್ಯಾಸ ಉಳಿಯಿತು, ಕೇಳುವಂಥದ್ದು ಉಳಿಯಲಿಲ್ಲ. ಕೋರ್ಟಿನಲ್ಲಿ ಕೊಂದವನ ಮಾತು, ಕೊಂದದ್ದನ್ನು ಕಂಡವನ ಮಾತು, ಮಗು ಯಾರಿಗೆಂದು ಕಿತ್ತಾಡುವ ಗಂಡ ಹೆಂಡಿರ ಮಾತು. ಅರ್ಥ ಕಿವಿಯಿಂದ ಕೈಗಿಳಿದು ಕಾಗದ ಸೇರುತ್ತಿತ್ತು. ದನಿಗಳು ಮಾತ್ರ ಅವಳ ಹಿಂದೆಯೇ ಮನೆಗೆ ಬರುತ್ತಿದ್ದವು. ಎದುರಿನ ಟೀ ಅಂಗಡಿಯ ರೇಡಿಯೋದಲ್ಲಿ ಯಾರೋ ಒಂದೇ ಸಾಲನ್ನು ಎರಡು ಸಲ ಹಾಡಿ, ಮೂರನೆಯದರಲ್ಲಿ ಗಂಟು ಬಿಚ್ಚಿದ್ದನ್ನು ಒಂದು ಮಧ್ಯಾಹ್ನ ಕೇಳಿ, ಅವಳು ಟೀ ಆರಿದರೂ ಅಲ್ಲೇ ನಿಂತಿದ್ದಳು.

ಈ ಸಾಲಿನವರದ್ದೊಂದು ರೂಢಿ ಇತ್ತು. ಹೊತ್ತು ಮುಳುಗುವಾಗ ಎಲ್ಲರೂ ಸ್ಟವ್ ಸುತ್ತ ಕುರ್ಚಿ ಹಾಕಿ ಕೂರಬೇಕು. ಒಬ್ಬರು ಒಂದು ಸಾಲನ್ನು ಎರಡು ಸಲ ಹಾಡಬೇಕು. ಮೂರನೇ ಸಾಲನ್ನು ಬೇರೆ ಯಾರಾದರೂ ಕೊಡಬೇಕು. ಹಾಡಿದವರೇ ಹೇಳಿಕೊಳ್ಳುವ ಹಾಗಿಲ್ಲ.

“ಯಾಕೆ ಹಾಗೆ?” ಅಂತ ಅವಳು ಮೆಲ್ಲಗೆ ಕೇಳಿದಳು.

“ತನ್ನ ಸಂಕಟದ ಲೆಕ್ಕ ತಾನೇ ಮುಗಿಸ್ಕೊಂಡ್ರೆ ಜೊತೆಗೆ ಕೂತವರು ಯಾಕಮ್ಮ ಬೇಕು?” ಅಂದ ನಲ್ಲಿ ಮಾವ.

ಲಿಫ್ಟಿನವನು ಗಿಟಾರ್ ಎತ್ತಿಕೊಂಡ. ಎಲ್ಲರೂ ಮಾತು ನಿಲ್ಲಿಸಿದರು.

*ಮೇಲಿನ ಮಹಡಿಗೆ ಗುಂಡಿ ಒತ್ತಿದೆ, ಬಾಗಿಲು ತೆರೆಯಲಿಲ್ಲ,*
*ಮೇಲಿನ ಮಹಡಿಗೆ ಗುಂಡಿ ಒತ್ತಿದೆ, ಬಾಗಿಲು ತೆರೆಯಲೇ ಇಲ್ಲ…*

“ತೆರೆಯಲೇ” ಅನ್ನುವಲ್ಲಿ ದನಿ ಒಡೆಯಿತು. ಒಡೆದದ್ದು ಹೊಲಿಯದೆ ಹಾಗೇ ಉಳಿಯಿತು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡಳು. ಯಾರೂ ಮೂರನೇ ಸಾಲು ಕೊಡಲಿಲ್ಲ. ಗಿಟಾರ್ ಒಂದು ಸುತ್ತು ತಿರುಗಿ ಬಂದು ಕಾಯಿತು, ಇನ್ನೊಂದು ಸುತ್ತು ತಿರುಗಿತು. ಆಗ ಅವಳು, ಕೋರ್ಟಿನಲ್ಲಿ ಒಂದು ದಿನವೂ ಬಾಯಿ ತೆರೆಯದವಳು, ತಾತನ ಧಾಟಿಯಲ್ಲಿ ಹೇಳಿದಳು:

*ಒಳಗಿದ್ದವಳೂ ಅದನ್ನೇ ಒತ್ತುತ್ತಿದ್ದಳು, ಇಬ್ಬರಿಗೂ ಗೊತ್ತಾಗಲಿಲ್ಲ.*

“ಅಬ್ಬಾ!” ಅಂದರು ಯಾರೋ. ಅವನು ತಂತಿಯ ಮೇಲಿನ ಕೈ ಎತ್ತಲಿಲ್ಲ, ತಲೆ ಮಾತ್ರ ಎತ್ತಿದ. ಆ ನೋಟವನ್ನು ಅವಳು ಎದುರಿಸಲಾರದೆ ಕೆಟಲಿನ ಕಡೆ ನೋಡಿದಳು. ಕೆಟಲಿನ ಹೊಟ್ಟೆಯಲ್ಲೂ ಅವನೇ ಕಾಣುತ್ತಿದ್ದ.

ನಲ್ಲಿ ಮಾವ ಅವನ ಬೆನ್ನು ತಟ್ಟಿದ. “ನೋಡು ಸ್ಟೆನೋ, ಇಷ್ಟು ವರ್ಷ ನುಣ್ಣಗೆ ಹಾಡ್ತಿದ್ದ ಇವನು, ಜೋಗುಳದ ಹಾಗೆ. ನಾನು ಬೈತಿದ್ದೆ, ನಿನಗೆ ಗಂಟಲು ಇನ್ನೂ ಬಲಿತಿಲ್ಲ ಅಂತ. ಈ ಸಲ ನೋಡು! ಹದಕ್ಕೆ ಬಂತು.”

“ಹದಕ್ಕೆ ಬಂತು,” ಅಂದರು ಸುತ್ತಲಿನವರು.

ಅವನು ನಾಚಿಕೊಂಡು ಕೆಮ್ಮಿದ. ಎಲ್ಲರಿಗೂ ಆ ಕೆಮ್ಮೂ ಇಷ್ಟವಾಯಿತು.

•

ಅವನ ಊರು ಬೇರೆ, ಅವಳ ಊರು ಬೇರೆ. ಫೋನು ಇತ್ತು.

ಯಾವುದೋ ಕಟ್ಟಡದ ನೆತ್ತಿಯಲ್ಲಿ, ಲಿಫ್ಟಿನ ಮೋಟಾರಿನ ಕೋಣೆಯಲ್ಲಿ ಕೂತು ಅವನು ಮಧ್ಯಾಹ್ನ ಫೋನ್ ಮಾಡುತ್ತಿದ್ದ. ಅವಳು ಕೋರ್ಟಿನ ಹಿಂದಿನ ಮೆಟ್ಟಿಲ ಮೇಲೆ, ಊಟದ ಡಬ್ಬಿ ತೆರೆಯದೆ ಕೇಳುತ್ತಿದ್ದಳು. ಅವನು ಎರಡು ಸಾಲು ಬಿಟ್ಟುಹೋಗುತ್ತಿದ್ದ. ಅವಳು ಮಾರನೇ ದಿನ ಮೂರನೆಯದನ್ನು ಕೊಡಬೇಕು.

*ಬೆಳಗಾಗುತ್ತೆ ಅಂತ ಕಾದು ಕೂತೆ, ಕಿಟಕಿಗದು ನೆನಪಿಲ್ಲ,* ಎಂದು ಎರಡು ಸಲ ಹಾಡಿ ಫೋನ್ ಇಟ್ಟುಬಿಟ್ಟ ಒಮ್ಮೆ.

“ಬರ್ಕೊಳ್ಳಿ,” ಅಂದಳು ಮರುದಿನ. “*ಪರದೆ ಎಳೆದವರು ನೀವೇ ತಾನೆ, ಕಿಟಕಿದೇನೂ ತಪ್ಪಿಲ್ಲ.*”

“ಸ್ಟೆನೋ, ಇದು ಬ್ಲೂಸ್ ಅಲ್ಲ, ಬೈಗುಳ.”

“ಎರಡಕ್ಕೂ ನಿಮ್ಮ ಗಂಟಲೇ ಸರಿ.”

ಅವನು ನಕ್ಕ. ನಗು ನಡುವೆ ಎಲ್ಲೋ ಸಿಕ್ಕಿಕೊಂಡು, ಒಂದು ಸಿಳ್ಳೆಯಾಗಿ ಹೊರಬಂತು.

“ಶೀತಾನಾ?”

“ಇಲ್ಲ. ವಯಸ್ಸು. ಅಕ್ಕ ದಿನಾ ಗೊಣಗ್ತಾಳೆ, ಗಂಟಲು ತೋರಿಸ್ಕೋ ಅಂತ. ಅವಳಿಗೇನು ಗೊತ್ತು ಬ್ಲೂಸು? ಹೋಗಿ ಔಷಧಿ ಕುಡಿದು ಮತ್ತೆ ನುಣ್ಣಗಾಗಿಬಿಟ್ರೆ?”

“ಅಯ್ಯೋ ಬೇಡ,” ಅಂದಳು ಅವಳು. “ಹೀಗೇ ಇರಲಿ.”

ಒಂದು ಸಲ ಅವನು ಹೇಳದೆ ಕೇಳದೆ ಬಂದು ಕೋರ್ಟಿನ ಜಗಲಿಯ ಬೆಂಚಿನಲ್ಲಿ ಕೂತಿದ್ದ. ಹೊರಬಂದವಳು ಅವನನ್ನು ಕಂಡು ನಿಂತಲ್ಲೇ ನಿಂತಳು. ಪಕ್ಕ ಕೂತವಳ ಕೈಯನ್ನು ಅವನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳನ್ನು ಬಿಡಿಸಿದ. ಗ್ರೀಸಿನ ವಾಸನೆಯ ಕೈ. ಎಲ್ಲರೂ ಓಡಾಡುವ ಜಾಗ. ಅವಳು ಕೈ ಹಿಂತೆಗೆಯಲಿಲ್ಲ.

“ಮುಂದಿನ ಸಲ ಕ್ಯಾಂಪಿಗೆ ಎರಡು ಟೆಂಟ್ ಯಾಕೆ ಹೊರಬೇಕು?” ಅಂದ, ಬೆರಳುಗಳಿಗೆ ಹೇಳಿದ ಹಾಗೆ.

ಅವಳ ಕಿವಿ ಬಿಸಿಯಾಯಿತು. “ನಿಮ್ಮದು ಚಿಕ್ಕದು.”

“ದೊಡ್ಡದು ತರ್ತೀನಿ.”

“ತನ್ನಿ,” ಅಂದಳು. ಒಂದು ಕ್ಷಣ ಬಿಟ್ಟು, “ತಗೊಂಡು ಬಾ,” ಅಂದಳು.

ಬಹುವಚನ ಅಲ್ಲಿಗೆ ಬಿದ್ದುಹೋಯಿತು.

•

ಎರಡನೇ ಸಲ ಬಯಲು ಕೆಸರಾಗಿತ್ತು. ಹಿಂದಿನ ದಿನದ ಮಳೆಗೆ ಗೂಟಗಳು ನಿಲ್ಲುತ್ತಿರಲಿಲ್ಲ. ಅವನು ಇಳಿದುಹೋಗಿದ್ದ, ಅಂಗಿಯೊಳಗೆ ಹೆಗಲ ಮೂಳೆ ಹ್ಯಾಂಗರಿನ ಹಾಗೆ ಕಾಣುತ್ತಿತ್ತು. ಕುತ್ತಿಗೆಗೆ ಮಫ್ಲರ್. ಯಾಕೋ ಅಂದರೆ, ಸ್ಟೈಲು, ಅಂದ.

ಕ್ಯಾಂಪಿನವರಲ್ಲಿ ಒಬ್ಬರಿಗೆ ಪ್ರತಿವರ್ಷ ಚಿಕ್ಕ ಸ್ಟೇಜಿನಲ್ಲಿ ಹಾಡಲು ಅವಕಾಶ ಇರುತ್ತಿತ್ತು. ಭಾನುವಾರದ ಸಂಜೆ, ಎಲ್ಲ ಮುಗಿಯುವ ಮುಂಚೆ. ಯಾರೆಂದು ಕೈ ಎತ್ತಿ ಆರಿಸುವುದು. ಈ ಸಲ ಮಾವ ಅವನ ಹೆಸರೆತ್ತುವ ಮೊದಲೇ ಕೈಗಳೆಲ್ಲ ಮೇಲಿದ್ದವು. ಅವನು ಎರಡೇ ಸಾಲು ಹಾಡಿ ತೋರಿಸಿದ್ದ. ಅಷ್ಟಕ್ಕೇ ಆಚೆ ಸಾಲಿನ ಟೆಂಟುಗಳಿಂದಲೂ ಜನ ಎದ್ದು ಬಂದಿದ್ದರು.

“ಕಲ್ಲಿನ ಮೇಲೆ ಕಲ್ಲು ಎಳೆದ ಹಾಗಿದೆ ಕಣೋ,” ಅಂದ ಮಾವ. ಅವನ ಕಣ್ಣು ತುಂಬಿತ್ತು. “ಇಂಥ ಗಂಟಲಿಗೆ ನಾನು ಜೀವ ಕೊಡ್ತೀನಿ.”

ಭಾನುವಾರ ಬೆಳಿಗ್ಗೆ ಅವಳು ಅವನಿಗಿಂತ ಮೊದಲು ಎದ್ದಳು. ಟೆಂಟಿನ ಬಟ್ಟೆಯಿಂದ ಹಸಿರು ಬೆಳಕು ಇಳಿದು ಅವನ ಮುಖದ ಮೇಲೆ ಬಿದ್ದಿತ್ತು. ಅವನು ಉಸಿರೆಳೆದಾಗ ಒಳಗೆಲ್ಲೋ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗುವ ಸದ್ದು. ಬಿಟ್ಟಾಗ ಇಲ್ಲ, ಎಳೆದಾಗ ಮಾತ್ರ. ಅವಳು ಕೇಳಿದಳು. ಕೇಳುವುದನ್ನೇ ಕಸುಬು ಮಾಡಿಕೊಂಡವಳಿಗೆ ಅದು ಸಂಗೀತ ಅಲ್ಲ ಅಂತ ತಿಳಿಯಲು ಹೊತ್ತು ಬೇಕಿರಲಿಲ್ಲ. ತಿಳಿದದ್ದಕ್ಕೆ ಹೆಸರಿಡಲು ಧೈರ್ಯ ಬೇಕಿತ್ತು. ಅದಿರಲಿಲ್ಲ.

ತಿಂಡಿಗೆ ಕೂತಾಗ ಅವನು ಬ್ರೆಡ್ಡನ್ನು ಟೀಯಲ್ಲಿ ಅದ್ದಿ ಅದ್ದಿ ಗಂಜಿ ಮಾಡಿದ. ನುಂಗುವಾಗ ಕೈ ಕಿವಿಗೆ ಹೋಯಿತು.

“ಕಿವಿ ನೋವಾ?”

“ಗಾಳಿ ಹೊಕ್ಕಿದೆ.”

“ನನ್ನ ಮುಖ ನೋಡಿ ಹೇಳು.”

ಅವನು ನೀರಿನ ಕ್ಯಾನುಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೊರಟುಬಿಟ್ಟ.

ಅವನು ಆ ಕಡೆ ಹೋದ, ಈ ಕಡೆಯಿಂದ ಅವನ ಅಕ್ಕ ಬಂದಳು.

ಕೆಸರಿನಲ್ಲಿ ಚಪ್ಪಲಿ ಕೈಲಿ ಹಿಡಿದು, ಸಾಲಿನ ಒಂದೊಂದೇ ಟೆಂಟಿಗೆ ಇಣುಕುತ್ತ ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿಂದ ಎದ್ದವಳು ಅದನ್ನು ತೆಗೆಯುವುದೂ ಮರೆತು ಬಂದಿದ್ದಳು. ಮೂಗು, ಕಣ್ಣು ಎಲ್ಲ ಅವನದೇ. ಯಾರೆಂದು ಕೇಳಬೇಕಾಗಲಿಲ್ಲ.

“ಲಿಫ್ಟ್ ಕೆಲಸದವನು ಎಲ್ಲಿ?”

“ನೀರಿಗೆ ಹೋಗಿದ್ದಾನೆ. ಕೂತ್ಕೊಳ್ಳಮ್ಮ, ಟೀ ಕೊಡ್ತೀನಿ,” ಅಂದಳು ಅತ್ತೆ.

“ಟೀ ಬೇಡ. ಶುಕ್ರವಾರ ಆಸ್ಪತ್ರೆಗೆ ಸೇರ್ಬೇಕಿತ್ತು ಅವನು. ಬೆಡ್ ಇಟ್ಕೊಂಡು ಕಾದಿದ್ದಾರೆ. ಬ್ಯಾಗ್ ತಗೊಂಡು ಮನೆಯಿಂದ ಹೊರಟವನು ಇಲ್ಲಿಗೆ ಬಂದಿದ್ದಾನೆ.”

“ಏನಾಗಿದೆ?” ಅಂದಳು ಅವಳು.

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೀನೇ ಸ್ಟೆನೋ ಅಲ್ವಾ? ನಿನಗೂ ಹೇಳಿಲ್ಲ.” ಒಂದು ಉಸಿರು ಎಳೆದುಕೊಂಡಳು. “ಗಂಟಲಲ್ಲಿ ಕ್ಯಾನ್ಸರ್. ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ತೆಗೆದ್ರೆ ಬದುಕ್ತಾನೆ ಅಂತಾರೆ, ಈಗಿಂದೀಗ ತೆಗೆದ್ರೆ. ಮುಂಚೆನೇ ಬಂದಿದ್ರೆ ದನಿನೂ ಉಳೀತಿತ್ತಂತೆ. ಗಂಟಲು ಕಟ್ಟಿದ ದಿನದಿಂದ ಬಡ್ಕೊಂಡೆ, ತೋರಿಸ್ಕೋ, ತೋರಿಸ್ಕೋ ಅಂತ. ಅದಕ್ಕೆ ಏನಂದ ಗೊತ್ತಾ? ‘ಅಕ್ಕ, ಕ್ಯಾಂಪಲ್ಲಿ ಎಲ್ರೂ ಹದಕ್ಕೆ ಬಂತು ಅಂದ್ರು.’” ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಯಾರು ರೀ ಅದು ಹದಕ್ಕೆ ಬಂತು ಅಂದಿದ್ದು?”

ಕೆಟಲ್ ಕುದಿಯುತ್ತಿತ್ತು. ಯಾರೂ ಅದನ್ನು ಇಳಿಸಲಿಲ್ಲ.

“ನಾನಮ್ಮ,” ಅಂದ ನಲ್ಲಿ ಮಾವ.

“ನಾನೂ,” ಅಂದಳು ಅವಳು.

ಮೊದಲೇ ಇಷ್ಟು ಮುರಿದವರನ್ನು ಇನ್ನೆಲ್ಲಿಂದ ಮುರಿಯುವುದು ಅಂತಲೋ ಏನೋ, ಅಕ್ಕ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಅತ್ತೆ ಆ ಕೆಸರುಗಾಲುಗಳಿಗೆ ಬಿಸಿನೀರು ಸುರಿದು, ಬಗ್ಗಿ, ತನ್ನ ಸೆರಗಿನಿಂದಲೇ ಒರೆಸಿದಳು. ಅಕ್ಕ ಬೇಡ ಅನ್ನಲಿಲ್ಲ.

ಸ್ಟೆನೋಗೆ ನೆನಪಾದದ್ದು ‘ಹೀಗೇ ಇರಲಿ’ ಅಂದ ತನ್ನ ಮಾತಲ್ಲ. ಆ ಮೊದಲ ದಿನ, ಟೆಂಟಿನ ಬಟ್ಟೆಯಾಚೆಯಿಂದ ಬಂದ ದನಿಯ ಆ ಒಡಕು. ಅದಕ್ಕೆ ತಾನೆ ಅವಳು ಸೋತದ್ದು? ಹಾಗಾದರೆ ಅವಳು ಪ್ರೀತಿಸಿದ್ದು ಅವನನ್ನೋ, ಅವನನ್ನು ತಿನ್ನುತ್ತಿದ್ದುದನ್ನೋ? ವರ್ಷವಿಡೀ ಫೋನನ್ನು ಕಿವಿಗೊತ್ತಿಕೊಂಡು ದೇವರ ಮುಂದೆ ಕೂತ ಹಾಗೆ ಕೇಳಿದ್ದು ಯಾರ ದನಿ?

ಅವನು ಎರಡೂ ಕೈಯಲ್ಲಿ ತುಂಬಿದ ಕ್ಯಾನು ಹಿಡಿದು ಬಂದ. ಅಕ್ಕನನ್ನು ಕಂಡ. ಎಲ್ಲರ ಮುಖ ಕಂಡ. ಕ್ಯಾನುಗಳನ್ನು ಮೆಲ್ಲಗೆ ಕೆಳಗಿಟ್ಟ.

“ಬೆಡ್ ಇವತ್ತು ಸಂಜೆವರೆಗೆ ಇಡ್ತೀವಿ ಅಂದಿದ್ದಾರೆ,” ಅಂದಳು ಅಕ್ಕ. ಸಿಟ್ಟೆಲ್ಲ ಅಷ್ಟರಲ್ಲೇ ಮುಗಿದಿತ್ತು. “ಹೊರಡೋ. ಕಾರು ತಂದಿದ್ದೀನಿ.”

“ಸಂಜೆ ಹಾಡು ಇದೆ ಅಕ್ಕ. ಹಾಡಿ ಬರ್ತೀನಿ.”

“ಹೋದ ವಾರ ಏನಂದೆ? ಇನ್ನೊಂದು ವಾರ ಅಂದೆ. ಅದಕ್ಕೂ ಮುಂಚೆ?”

ಅವನು ಮಫ್ಲರಿನ ಗಂಟನ್ನು ಬಿಗಿದುಕೊಂಡ.

ನಲ್ಲಿ ಮಾವ ಮೌತ್ ಆರ್ಗನನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದಿದ್ದ. “ಒಂದು ಹಾಡು ತಾನೆ ತಾಯಿ,” ಅಂದ. “ಹಾಡಿ ಹೋಗ್ಲಿ ಬಿಡು. ಇನ್ನು ಯಾವತ್ತೂ…” ಸುತ್ತಲಿನವರು ತಲೆಯಾಡಿಸಿದರು. ಅತ್ತೆ ಕೂಡ. ಒಂದೇ ಒಂದು ಹಾಡು. ಯಾರಿಗೆ ಬೇಡ? ಎಲ್ಲರಿಗಿಂತ ಹೆಚ್ಚು ಅವಳಿಗೇ ಬೇಕಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

“ಸ್ವಲ್ಪ ಈ ಕಡೆ ಬಾ,” ಅಂದಳು ಅವನಿಗೆ.

•

ಕಾರ್ಖಾನೆಯ ಗೋಡೆಯ ಮಗ್ಗುಲಿಗೆ ಗಾಜಿನ ಪುಡಿ ಬೆರೆತ ಮಣ್ಣು, ನಡೆದರೆ ಕರಕರ ಅನ್ನುತ್ತಿತ್ತು. ಒಂದು ಮುರಿದ ಸಿಮೆಂಟ್ ಪೈಪಿನ ಮೇಲೆ ಅವನು ಕೂತ. ಗಿಟಾರ್ ಬಿಟ್ಟು ಬಂದಿರಲಿಲ್ಲ. ಅವಳು ನಿಂತೇ ಇದ್ದಳು. ಗೇಟಿನ ಹತ್ತಿರ ಅಕ್ಕ ಕಾರಿನ ಬಾಗಿಲು ತೆರೆದಿಟ್ಟುಕೊಂಡು ನಿಂತದ್ದು ಅಲ್ಲಿಂದ ಕಾಣುತ್ತಿತ್ತು.

“ಹಾಡಿದ ಮೇಲೆ ಆ ಕಾರು ಹತ್ತುತ್ತೀಯಾ?”

ಅವನು ಗಿಟಾರಿನ ಮೇಲೆ ಬಿದ್ದ ಒಂದು ಹುಳವನ್ನು ಬೆರಳಿಗೆ ಹತ್ತಿಸಿಕೊಂಡು ಹುಲ್ಲಿಗೆ ಬಿಟ್ಟ.

ಇಂಥದ್ದನ್ನು ಅವಳು ಎಷ್ಟೋ ಸಲ ಬರೆದಿದ್ದಳು. ‘ಸಾಕ್ಷಿಯು ಉತ್ತರಿಸಲಿಲ್ಲ.’ ಆ ಸಾಲು ಬರೆದ ಮೇಲೆ ಮುಂದೇನು ಬರುತ್ತದೆ ಅಂತ ಅವಳ ಕೈಗೆ ಯಾವತ್ತೂ ಮೊದಲೇ ಗೊತ್ತಾಗುತ್ತಿತ್ತು.

“ಹತ್ತಲ್ಲ, ಅಲ್ವಾ?”

“ಸ್ಟೇಜ್ ಹತ್ತಿದ್ರೆ ಇಳಿಯೋಕಾಗಲ್ಲ ನನಗೆ. ನನ್ನ ಬಗ್ಗೆ ನನಗೆ ಗೊತ್ತು.” ಅವನು ಮಾತಾಡುವಾಗ ಎರಡೆರಡು ಪದಕ್ಕೆ ಉಸಿರು ಬೇಕಾಗುತ್ತಿತ್ತು. “ಇಲ್ಲಿ, ಕುತ್ತಿಗೆಯಲ್ಲಿ, ಒಂದು ತೂತು ಮಾಡ್ತಾರೆ. ಉಸಿರೆಲ್ಲ ಅದರಲ್ಲೇ. ಬಾಯಿ ಇರುತ್ತೆ, ಸುಮ್ಮನೆ ಇರುತ್ತೆ. ಲಿಫ್ಟ್ ನಿಂತಾಗ ನಾನು ಮೊದಲು ಏನು ಮಾಡ್ತೀನಿ ಗೊತ್ತಾ? ಸ್ಪ್ಯಾನರ್ ತೆಗೆಯಲ್ಲ. ಸಂದಿಗೆ ಬಾಯಿಟ್ಟು ಕೂಗ್ತೀನಿ, ಹೆದರ್ಬೇಡಿ, ಬಂದಿದ್ದೀನಿ ಅಂತ. ಕತ್ತಲಲ್ಲಿ ನಿಂತವರಿಗೆ ಅಷ್ಟೇ ಬೇಕಿರೋದು. ಇನ್ಮೇಲೆ ಅದೂ ಇಲ್ಲ.”

“ಕೆಲಸಕ್ಕೆ ಬೇರೆ ದಾರಿ…”

“ನಿನಗೆ?” ಅವನು ತಲೆ ಎತ್ತಿದ. “ನೀನು ಬಂದಿದ್ದು ಈ ದನಿಗೆ. ಸುಳ್ಳು ಹೇಳ್ಬೇಡ.”

“ಹೌದು.”

“ಇದು ಹೋದ ಮೇಲೆ?”

ಅವಳು ಚಂದದ ಮಾತು ಹೇಳಬಹುದಿತ್ತು. “ಗೊತ್ತಿಲ್ಲ,” ಅಂದಳು. “ಭಯ ಆಗ್ತಿದೆ. ಮಧ್ಯಾಹ್ನ ಆ ಮೆಟ್ಟಿಲ ಮೇಲೆ ಕೂತು ಏನು ಮಾಡ್ಲಿ ಅಂತ ಭಯ. ನಿನ್ನ ಮುಖ ನೋಡ್ತಾ ಕೂತಾಗ, ಇವನು ಯಾರೋ ಬೇರೆ ಅಂತ ಅನ್ನಿಸಿಬಿಟ್ರೆ ಅಂತ ಭಯ. ನನಗೆ ಪ್ರೀತಿಸೋಕೆ ಕಿವಿ ಬಿಟ್ರೆ ಇನ್ನೊಂದು ದಾರಿ ಗೊತ್ತಿಲ್ಲ. ಕಲೀಬೇಕು. ಬರುತ್ತೋ ಇಲ್ವೋ ಗೊತ್ತಿಲ್ಲ.”

ಅವನು ನಕ್ಕ. ಆ ನಗುವಿನಲ್ಲಿ ಮೊದಲ ದಿನದ ತುಂಟತನ ಒಂದಿಷ್ಟು ಇತ್ತು.

“ಕೋರ್ಟಿನವಳು,” ಅಂದ. “ನಿಜ ಹೇಳಿದೆ. ಈಗ ನನ್ನ ನಿಜ ಕೇಳು. ತೆಗೆಸದಿದ್ರೆ ಮುಂದಿನ ವರ್ಷದ ಟೆಂಟ್ ನನಗಿಲ್ಲ, ಡಾಕ್ಟರು ನೇರವಾಗಿ ಹೇಳಿದ್ದಾರೆ. ಆದ್ರೆ ಅಲ್ಲಿವರೆಗೆ ಇದು ನನ್ನ ಹತ್ರ ಇರುತ್ತೆ. ಸ್ಟೇಜ್ ಬೇಡ. ಮಾವ ಬೇಡ, ಚಪ್ಪಾಳೆ ಬೇಡ. ನಿನ್ನ ಮನೇಲಿ ಒಂದು ಮೂಲೆ ಕೊಡು. ಸಂಜೆ ನೀನು ಬರ್ತೀಯ, ನಾನು ಹಾಡ್ತೀನಿ, ನೀನು ಮೂರನೇ ಸಾಲು ಕೊಡ್ತೀಯ. ಮುಗಿಯೋವರೆಗೆ. ನನಗೆ ಒಬ್ಬಳು ಕೇಳಿದ್ರೆ ಸಾಕು. ನೀನು ಕೇಳ್ತೀನಿ ಅಂದ್ರೆ ಈ ಗಂಟಲ ಮೇಲೆ ಯಾರಿಗೂ ಕೈ ಇಡೋಕೆ ಬಿಡಲ್ಲ.”

“ಕೇಳಲ್ಲ ಅಂದ್ರೆ?”

“ಕೇಳೋಕೆ ನೀನೇ ಇಲ್ಲ ಅಂದ್ರೆ ಇದನ್ನ ಇಟ್ಕೊಂಡು ಏನು ಮಾಡ್ಲಿ? ಡಾಕ್ಟರೇ ತಗೊಂಡು ಹೋಗ್ಲಿ.”

ದೊಡ್ಡ ಸ್ಟೇಜಿನಲ್ಲಿ ಯಾರೋ ಡ್ರಮ್ ಪರೀಕ್ಷೆ ಮಾಡುತ್ತಿದ್ದರು. ಒಂದೊಂದೇ ಪೆಟ್ಟು, ನಡುವೆ ದೊಡ್ಡ ಖಾಲಿ. ಅವಳ ಕಣ್ಣಿಗೆ ಆ ಸಂಜೆಗಳು ಕಂಡವು: ದೀಪ ಹಚ್ಚದ ಕೋಣೆಯಂಥ ಮೌನ ಅಲ್ಲ, ದನಿ ತುಂಬಿದ ಮನೆ, ಬಾಗಿಲು ತೆರೆದ ಕೂಡಲೇ ಎದುರಾಗುವ ಆ ಒಡಕು, ದಿನದಿಂದ ದಿನಕ್ಕೆ ಇನ್ನೂ ಚಂದವಾಗುತ್ತ, ಇನ್ನೂ ಚಂದವಾಗುತ್ತ, ಒಂದು ದಿನ ಬರೀ ಸಿಳ್ಳೆ. ಬದುಕಿನಲ್ಲಿ ಯಾರೂ ಅವಳಿಗೆ ಇಷ್ಟು ದೊಡ್ಡ ಉಡುಗೊರೆ ಕೊಡಲು ಬಂದಿರಲಿಲ್ಲ.

ಅವನು ಮಫ್ಲರ್ ಬಿಚ್ಚಿದ. ಗಿಟಾರನ್ನು ಎದೆಗೆಳೆದುಕೊಂಡು ಒಂದು ತಂತಿಯನ್ನು ಮೀಟಿ, ತಿರುವಿ, ಮತ್ತೆ ಮೀಟಿದ. ಬಾಯಿ ಮುಚ್ಚಿಕೊಂಡೇ ಒಂದು ಸ್ವರ ಹಿಡಿದ. ಹಾಡಲ್ಲ, ಬರೀ ಸ್ವರ. ಗೋಡೆಗೆ ತಾಗಿ ಅದು ಇಮ್ಮಡಿಯಾಗಿ ಬಂತು. ಇಷ್ಟು ಚೆನ್ನಾಗಿ ಅವನು ಯಾವತ್ತೂ ಹಾಡಿರಲಿಲ್ಲ. ಅವಳ ಮೈಯ ಕೂದಲೆಲ್ಲ ಎದ್ದು ನಿಂತಿತು. ಮಂಡಿ ತಾನಾಗಿ ಮಡಚತೊಡಗಿತು, ಕೂರುವುದಕ್ಕೆ.

“ಹೊಸದು,” ಅಂದ. “ನಿನಗೆ ಅಂತಲೇ ಕಟ್ಟಿದ್ದು. ಯಾರೂ ಕೇಳಿಲ್ಲ ಇನ್ನೂ. ಬಾ, ಇಲ್ಲಿ ಕೂತ್ಕೋ. ಕೇಳು.”

ಅವಳು ಬಂದಳು. ಅವನ ಮುಂದೆ ಬಗ್ಗಿ, ಅಂಗೈಯನ್ನು ಅಗಲ ಮಾಡಿ ಆರೂ ತಂತಿಗಳ ಮೇಲೆ ಒತ್ತಿಟ್ಟಳು. ಸ್ವರ ನಿಂತಿತು. ತಂತಿಗಳ ನಡುಕ ಅವಳ ಕೈಯೊಳಗೆ ಸ್ವಲ್ಪ ಹೊತ್ತು ಒದ್ದಾಡಿ ಸತ್ತಿತು.

“ಇಲ್ಲ,” ಅಂದಳು. “ನಾನು ಕೇಳಲ್ಲ.”